ಗಾಜಿನ ಮೇಲಿನ ಕೈ

ಇಂಜಿನ್ ಆರಿಸಿ ಆಯ್ತಲ್ಲ ಭಾವ, ಇನ್ನೂ ಯಾಕೆ ಕೂತಿದ್ದೀರಿ? ಇಳೀರಿ. ಹೋಗಿ ಒಂದು ಲೋಟ ಟೀ ಕುಡೀರಿ. ನಾನು ಈ ಗಾಜು ಒಂದಿಷ್ಟು ಒರೆಸಿ, ಬಾಗಿಲು ಹಾಕ್ಕೊಂಡು ಬರ್ತೀನಿ... ಎಷ್ಟು ಜಿಡ್ಡು ನೋಡಿ ಇದರ ಮೇಲೆ! ನಿಮ್ಮದೇ ಬೆರಳು. ಬಾಯಲ್ಲಿ ಹೇಳೋದನ್ನೆಲ್ಲ ಬೆರಳಲ್ಲಿ ತೋರಿಸ್ತೀರಲ್ಲ, ಅದಕ್ಕೆ.

ಏನು, ಗಡಿಯಾರ ಯಾಕೆ ನೋಡ್ತೀರಿ? ರೈಲು ಹಿಡೀಬೇಕಾ?

ಆಯ್ತಪ್ಪ, ಕೂತ್ಕೊಳ್ಳಿ. ನಿಮ್ಮ ವಿಮಾನ, ನಿಮ್ಮ ಸೀಟು. ಹನ್ನೊಂದು ವರ್ಷ ಈ ಮುದುಕಿಯ ಒಂದೊಂದು ಮೂಳೆ ಹುಡುಕಿ ತಂದು ಜೋಡಿಸಿದವರು ನೀವು. ಕೂರೋ ಹಕ್ಕಿದೆ. ನಾನೂ ಕೂತಿರ್ತೀನಿ. ನಂಗೇನು, ಸಂಬಳ ಓಡ್ತಿದೆ.

ಗಾಳಿ ಎಳೆತದ ಮುಳ್ಳು ನೋಡಿದಿರಲ್ಲ? ಐದು! ಇಂಜಿನ್ ಓಡಿದಷ್ಟು ಹೊತ್ತೂ ಐದರ ಮೇಲೆ ಮೊಳೆ ಹೊಡೆದ ಹಾಗೆ ನಿಂತಿತ್ತು. ಪಂಪು ಗಾಳಿ ಎಳೀತಿದೆ, ಕೊಳವೆ ಎಲ್ಲೂ ಸೋರ್ತಿಲ್ಲ, ಫಿಲ್ಟರ್ ಹೊಸದು. ಇನ್ನೇನು ಬೇಕು? ಆರತಿ ಎತ್ತಲಾ?

ಈ ಗಾಜಿನ ಹಿಂದಿನ ಹಾರಿಜಾನ್ ಗೀಟು ಎದ್ದು ನಿಲ್ಲೋಕೆ ಸ್ವಲ್ಪ ಹೊತ್ತು ತಗೊಂಡಿತು, ಒಪ್ತೀನಿ. ಅದಕ್ಕೆ ಹಾಗೆ ಹುಬ್ಬು ಹಾರಿಸಬೇಡಿ. ನೀವು ಬೆಳಿಗ್ಗೆ ಹಾಸಿಗೆಯಿಂದ ಏಳೋ ಚಂದ ಅಕ್ಕ ನಂಗೆ ಹೇಳಿದ್ದಾಳೆ. ಇದಕ್ಕೆ ನಿಮಗಿಂತ ಎರಡು ವರ್ಷ ಹೆಚ್ಚು ವಯಸ್ಸು.

ಹಾಂ, ನಕ್ಕಿರಿ! ಸದ್ಯ. ಮದುವೆ ದಿನ ನೀವು ಬಾಯಿಬಿಟ್ಟಿದ್ದೇ ಮೂರು ಸಲ, ಮೂರು ಸಲವೂ 'ಹೂಂ'. ಆವತ್ತೇ ನಾನು ಅಕ್ಕನಿಗೆ ಹೇಳಿದ್ದೆ, ಇವರು ಒಂದೋ ಮಹಾ ಜಾಣರು, ಇಲ್ಲಾ ಕಿವುಡರು ಅಂತ. ಮೂವತ್ತೆಂಟು ವರ್ಷ ಆಯ್ತು, ಯಾವುದು ಅಂತ ಅವಳಿಗಿನ್ನೂ ಗೊತ್ತಾಗಿಲ್ಲ.

ಅವಳು ಬಟ್ಟೆ ಜೋಡಿಸಿಟ್ಟಾಯ್ತು, ಗೊತ್ತಾ? ಎರಡು ದಿನದಿಂದ. ಮಗುವಿಗೆ ಹೊಲಿದ ಅಂಗಿಗಳು ಏಳೋ ಎಂಟೋ. ಹುಟ್ಟಿ ಹದಿನೈದು ದಿನ ಆಗಿಲ್ಲ ನಿಮ್ಮ ಮೊಮ್ಮಗಳು, ಅಷ್ಟೊಂದು ಅಂಗಿ! ಮಗು ಇರೋ ಊರಿಗೆ ರಸ್ತೆಯಲ್ಲಿ ಹೋದರೆ ಒಂಬತ್ತು ಗಂಟೆ ದಾರಿ, ಅಕ್ಕನ ಸೊಂಟ ಅರ್ಧ ದಾರಿಗೇ ಬೇರೆ ಆಗುತ್ತೆ. ಇದರಲ್ಲಿ ಒಂದೂವರೆ ಗಂಟೆ. ಆದರೂ ಇಷ್ಟು ವರ್ಷ ಇದರ ಹತ್ತಿರ ಸುಳಿದವಳಲ್ಲ. 'ಆ ಡಬ್ಬದಲ್ಲಿ ನಾನು ಕೂರಲ್ಲ' ಅಂತಲೇ ಹಟ. ಈಗ ಕೂರ್ತೀನಿ ಅಂದಿದ್ದಾಳೆ. ಯಾಕೆ? ನಿಮ್ಮನ್ನ ನಂಬಿ ಅಂತ ತಿಳ್ಕೊಂಡಿರಾ? 'ನನ್ನ ತಂಗಿ ನೋಡಿ ಸಹಿ ಹಾಕಿದರೆ ಕೂರ್ತೀನಿ' ಅಂದಳು. ನನ್ನೆದುರಿಗೇ ಅಂದಳು. ನೀವು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕೂತಿದ್ದಿರಿ.

ಹಾಕಿದೆ. ಸಹಿ ಹಾಕಿದೆ. ವಿಮಾನದ ಪುಸ್ತಕದಲ್ಲಿ ಇದೆ, ನೋಡ್ಕೊಳ್ಳಿ. ದುಂಡಗೆ, ಪೂರ್ತಿ ಹೆಸರು.

ಮತ್ತೆ ಗಡಿಯಾರ!

ನಿನ್ನೆ ಸಂಜೆ ಏನಾಯ್ತು ಕೇಳಿ. ಅಕ್ಕ ಇಲ್ಲಿಗೇ ಬಂದಿದ್ದಳಲ್ಲ, ನೀವು ಚಕ್ರದ ಗಾಳಿ ನೋಡ್ತಿದ್ದಾಗ. ಇದರೊಳಗೆ ತಲೆ ತೂರಿಸಿ, 'ಅಲ್ಲ ಕಣೇ, ಅವರು ಮುಂದಿನ ಗಾಜಲ್ಲಿ ನೋಡ್ಕೊಂಡು ಓಡಿಸ್ತಾರಲ್ಲ, ಮತ್ತೆ ಈ ದುಂಡು ದುಂಡು ಡಬ್ಬಿ ಯಾಕೆ?' ಅಂದಳು. ನಾನಂದೆ, ಮೋಡದೊಳಗೆ ಹೊಕ್ಕರೆ ಮುಂದಿನ ಗಾಜಲ್ಲಿ ಏನಿರುತ್ತೆ? ಬಿಳಿ. ಮೇಲೆ ಬಿಳಿ, ಕೆಳಗೆ ಬಿಳಿ. ವಿಮಾನ ಒಂದು ಮಗ್ಗುಲಿಗೆ ವಾಲಿಕೊಂಡು ಕೆಳಗೆ ಜಾರ್ತಿರುತ್ತೆ, ಸಮತೋಲ ಕಾಯೋ ನಿನ್ನ ಗಂಡನ ಕಿವಿ 'ನೆಟ್ಟಗಿದ್ದೀವಿ ಸ್ವಾಮಿ, ಆರಾಮಾಗಿರಿ' ಅಂತಿರುತ್ತೆ. ದೇಹದಲ್ಲಿ ಕಿವಿಯಷ್ಟು ಸುಳ್ಳು ನಾಲಿಗೆ ಕೂಡ ಹೇಳಲ್ಲ. ಅದಕ್ಕೇ ಈ ಹಾರಿಜಾನ್. ಒಳಗೊಂದು ಬುಗುರಿ ಇದೆ. ಪಂಪು ಗಾಳಿ ಎಳೆದಾಗ ಆ ಗಾಳಿ ಬುಗುರಿಗೆ ಬಡಿದು ಗಿರಗಿರ ಸುತ್ತಿಸುತ್ತೆ. ಸುತ್ತೋವರೆಗೂ ಬುಗುರಿ ನೆಟ್ಟಗೆ. ವಿಮಾನ ಹೇಗೆ ಹೊರಳಿದರೂ ಅದು ನೆಟ್ಟಗೆ. ಮುಖದ ಮೇಲೆ ಒಂದು ಬಿಳಿ ಗೀಟಿದೆಯಲ್ಲ, ಅದು ನೆಲದ ಅಂಚು. ಅದನ್ನ ನೋಡ್ಕೊಂಡು ಓಡಿಸ್ತಾರೆ, ಅಷ್ಟೆ ಅಂದೆ.

ಅಕ್ಕ ಏನು ಕೇಳಿದಳು ಗೊತ್ತಾ? 'ಬುಗುರಿ ನಿಂತುಹೋದರೆ?'

ಓದಿದ್ದು ಎಂಟನೇ ಕ್ಲಾಸು. ಪ್ರಶ್ನೆ ಕೇಳೋದು ನೋಡಿ.

ನಿಲ್ಲಲ್ಲ ಅಂದೆ. ನಾನು ಜೋಡಿಸಿದ್ದು ಅಂದೆ.

ಏನು ಹುಡುಕ್ತೀರಿ ಜೇಬಲ್ಲಿ? ಸ್ಕ್ರೂಡ್ರೈವರ್ರಾ? ಯಾಕೆ? ಬಿಚ್ಚೋಕೆ ಏನಿದೆ ಇಲ್ಲಿ? ಓ... ಓಹೋ. ಕಿವಿಗೆ ಇಟ್ಕೊಂಡಿರಾ! ಡಾಕ್ಟರು ಬಂದರಪ್ಪ. ಹಿಡಿ ಕಿವಿಗೆ, ತುದಿ ಯಂತ್ರಕ್ಕೆ. ನಾನೇ ಹೇಳಿಕೊಟ್ಟ ವಿದ್ಯೆ ನನ್ನ ಮೇಲೇ! ಇಂಜಿನ್ ನಿಂತ ಮೇಲೂ ಒಳ್ಳೇ ಬುಗುರಿ ಹತ್ತು ನಿಮಿಷ, ಹನ್ನೆರಡು ನಿಮಿಷ ಸುತ್ತುತ್ತಾ ಇರಬೇಕು, ಸಣ್ಣಗೆ ಹಾಡ್ತಾ ಇರಬೇಕು, ಅದನ್ನ ಕೇಳಿದರೆ ಸಾಕು, ಬೇರಿಂಗ್ ಜಾತಕವೇ ಗೊತ್ತಾಗುತ್ತೆ ಅಂತ ನಿಮಗೆ ಹೇಳಿದ್ದು ಯಾರು? ನಾನು. ಇದೇ ಸೀಟಲ್ಲಿ ಕೂತು.

ಮೊದಲು ದಿಕ್ಕಿನದಕ್ಕೆ ಇಡಿ, ದಿಕ್ಕು ತೋರಿಸೋ ಡಬ್ಬಿಗೆ, ಅದರಲ್ಲೂ ಇಂಥದೇ ಬುಗುರಿ. ಹಾಂ, ಅದೇ, ಎಡಗಡೆ. ಹೇಗಿದೆ? ಹಾಡ್ತಿದೆ ತಾನೇ? ಹಾಡದೆ! ಅದರ ಹಿಂದಿನ ಕೊಳವೆ ಎಷ್ಟು ಸಲ ಬಿಚ್ಚಿ ಹಾಕಿದ್ದೀನಿ ಗೊತ್ತಾ? ಇದಕ್ಕೆ ಮೊದಲು ಕೈ ಹಾಕಿದ್ದ ಮಹಾಶಯ, ಅದ್ಯಾವ ಶೆಡ್ಡಿನವನೋ, ಕೊಳವೆಯ ತಿರುಪಿಗೆಲ್ಲ ನಲ್ಲಿಗೆ ಸುತ್ತೋ ಬಿಳಿ ಪಟ್ಟಿ ಸುತ್ತಿದ್ದ. ಬಚ್ಚಲು ನಲ್ಲಿ ಅಂದ್ಕೊಂಡಿದ್ದನೇನೋ. ಅದರ ಒಂದು ಎಳೆ ಕಿತ್ತು ಒಳಗೆ ಹೋದರೆ ಬುಗುರಿ ಕತ್ತಿಗೆ ಉರುಳು. ಚಿಮಟದಲ್ಲಿ ಕೂದಲು ಹೆಕ್ಕಿದ ಹಾಗೆ ಹೆಕ್ಕಿದ್ದೀನಿ. ಹಿಂದೆ ಇರೋದು ಎರಡೇ ತೂತು ಭಾವ, ಒಂದರಲ್ಲಿ ಗಾಳಿ ಒಳಗೆ, ಇನ್ನೊಂದರಲ್ಲಿ ಆಚೆ. ಅದನ್ನೂ ತಿರುವುಮುರುವು ಹಾಕಿದ್ದ ಪುಣ್ಯಾತ್ಮ! ಹಾಗೆ ಹಾಕಿದರೆ ಬುಗುರಿ ಸರ್ಕಾರಿ ಕಚೇರಿ ಥರ... ಬಾಗಿಲು ತೆಗೆದಿರುತ್ತೆ, ಕೆಲಸ ಆಗಲ್ಲ. ನಾನು ಒಳಗಿನದಕ್ಕೆ ಬಿಳಿ ಬಣ್ಣ, ಆಚೆಯದಕ್ಕೆ ಕೆಂಪು ಬಣ್ಣ ಹಚ್ಚಿ...

ಇಲ್ಲಿಗೆ ಬೇಡ. ಇದು ಒರೆಸ್ತಿದ್ದೀನಲ್ಲ. ಕಾಣಲ್ವಾ? ಒದ್ದೆ ಬಟ್ಟೆ. ಸ್ಕ್ರೂಡ್ರೈವರ್ ತಗುಲಿದರೆ ಗಾಜಿಗೆ ಗೀರು ಬೀಳುತ್ತೆ. ಇಂಥ ಗಾಜು ಈಗ ಎಲ್ಲಿ ಸಿಗುತ್ತೆ? ಗಾಜಲ್ಲ, ಈ ಹಾರಿಜಾನ್ ಇನ್ನೊಂದು ಎಲ್ಲೂ ಸಿಗಲ್ಲ. ನಾಲ್ಕು ದೇಶಕ್ಕೆ ಕಾಗದ ಬರೆದಿರಿ ನೀವು. ಬಂದಿದ್ದು ಇದೊಂದು.

ಸ್ವಲ್ಪ ತಡೀರಿ ಅಂದೆನಲ್ಲ.

ನೀವು ಹೀಗೆ ಸುಮ್ಮನೆ ಕೂತರೆ ನಂಗೆ ನಮ್ಮ ಇಸ್ತ್ರಿ ಸಾಹೇಬನ ನೆನಪಾಗುತ್ತೆ. ಹೊಸ ಮ್ಯಾನೇಜರ್. ಕೂತರೂ ಪ್ಯಾಂಟಿನ ಗೆರೆ ಮುರಿಯಲ್ಲ, ಅದಕ್ಕೇ ಆ ಹೆಸರು. ನನ್ನ ಕೋಣೆಗೆ ಬಂದು ಹೀಗೇ ಸುಮ್ಮನೆ ನಿಲ್ತಾನೆ. ಮೇಜು ನೋಡ್ತಾನೆ, ನನ್ನ ಭೂತಗನ್ನಡಿ ನೋಡ್ತಾನೆ, ನನ್ನ ತಲೆ ನೋಡ್ತಾನೆ. ಆಮೇಲೆ, 'ಮೇಡಂ, ಈಗ ಯಾರೂ ಇವನ್ನೆಲ್ಲ ಇಲ್ಲೇ ರಿಪೇರಿ ಮಾಡಲ್ಲ, ಹೊರಗೆ ಕಳಿಸೋಣ' ಅಂತಾನೆ. 'ಒಂದು ತಪ್ಪಾದರೂ ಹೆಸರು ಯಾರದು ಹಾಳಾಗೋದು?' ಅಂತಾನೆ. ನಾನಂದೆ, ಮೂವತ್ತೊಂದು ವರ್ಷ ಆಯ್ತಪ್ಪ, ಆ ಒಂದು ಯಾವುದು ತೋರಿಸು ನೋಡೋಣ. ಟೇಪು ಹಿಡಿದು ಕೋಣೆ ಅಳ್ಕೊಂಡು ಹೋದ! ಅಲ್ಲಿ ಕಾಫಿ ಯಂತ್ರ ಇಡ್ತಾನಂತೆ. ನಾಲ್ಕು ಕುರ್ಚಿ, ಒಂದು ಸೋಫಾ. ನಾನು ಎಂಎಸ್ಸಿ ಮಾಡಿ, 'ಹುಡುಗಿ ಜಿಡ್ಡಿನಲ್ಲಿ ಕೈ ಅದ್ದಬೇಕಾ' ಅಂತ ಊರೆಲ್ಲ ಆಡಿಕೊಂಡರೂ ಬಂದು ಕೂತ ಮೇಜು ಅದು. ಅದರ ಮೇಲೆ ಸಕ್ಕರೆ ಡಬ್ಬಿ ಇಡ್ತಾನಂತೆ.

ಅವನ ಬಾಯಿಗೆ ನಾನು ತುತ್ತು ಕೊಡಲ್ಲ. ಹೇಳಿಬಿಟ್ಟಿದ್ದೀನಿ. ಯಾರು ಕೇಳಿದರೂ ಹೇಳ್ತೀನಿ. ಒಂದೇ ಒಂದು ತಪ್ಪು, ಅವನಿಗೆ ಬೇಕಾಗಿರೋದು ಅಷ್ಟೇ. ಕೊಡಲ್ಲ!

ಪರೀಕ್ಷೆ ಪಂಪು ಕೆಟ್ಟು ಮೂರು ತಿಂಗಳಾಯ್ತು. ನನ್ನ ಮೇಜಿನ ಕೆಳಗಿತ್ತಲ್ಲ, ನೀಲಿಯದು, ಅದು. ರಿಪೇರಿಗೆ ಬರೆದರೆ ಸಾಹೇಬ ಸಹಿ ಹಾಕಲ್ಲ. ಮುಚ್ಚೋ ಕೋಣೆಗೆ ಪಂಪು ಯಾಕೆ ಅಂತ. ಪಂಪಿಲ್ಲದೆ ಕೊಳವೆ ಸೋರ್ತಿದೆಯಾ ಇಲ್ವಾ ಅಂತ ಹೇಗೆ ನೋಡೋದು, ಬಾಯಲ್ಲಿ ಎಳೀಲಾ?

ಯಾಕೆ ಹಾಗೆ ನೋಡ್ತೀರಿ?

ಅಕ್ಕ ಹೇಳಿದಳಾ? ನಿಮ್ಮ ಮನೆಯ ವ್ಯಾಕ್ಯೂಮ್ ಕ್ಲೀನರ್ ತಗೊಂಡು ಹೋದವಳು ವಾಪಸ್ ತಂದಿಲ್ಲ ಅಂತ ಹೇಳಿದಳಾ?

ಹೇಳಿಲ್ಲ... ಹಾಗಾದರೆ ನೀವು ಕೇಳಿದ್ದಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನೀವು ಕಳ್ಳ ಅಂತಲೂ ಅನ್ನಲಿಲ್ಲ, ನಾನು ಮುಟ್ಟಿ ನೋಡ್ಕೊಂಡೆ.

ಹೌದು, ತಂದೆ. ಅದರಲ್ಲೇನು? ಎಲ್ಲರೂ ಮಾಡ್ತಾರೆ. ಒಪ್ಪಲ್ಲ, ಆದರೆ ಮಾಡ್ತಾರೆ. ನಿನ್ನೆ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದಾಗ. ವಿಮಾನದ ಪಂಪಿಗೆ ಹೋಗೋ ಕೊಳವೆ ಬಿಚ್ಚಿ, ಬಾಯಿಗೆ ಬಟ್ಟೆ ಸುತ್ತಿ, ಕ್ಲೀನರಿನ ಸೊಂಡಿಲು ತುರುಕಿದೆ. ಎರಡು ನಿಮಿಷ. ಎರಡು ನಿಮಿಷ ಕೂಡ ಇಲ್ಲ. ಸೋರಿಕೆ ನೋಡೋಕೆ ಎಷ್ಟು ಹೊತ್ತು ಬೇಕು? ನೀವು ಶನಿವಾರ ಹೊರಡಲೇಬೇಕು ಅಂತ ಕೂತಿದ್ದಿರಿ, ಅಕ್ಕ ಅಂಗಿ ಹೊಲೀತಾ ಕೂತಿದ್ದಳು. ನಾನು ಇನ್ನೇನು ಮಾಡಬೇಕಿತ್ತು? ಇಸ್ತ್ರಿ ಕಾಲು ಹಿಡೀಬೇಕಿತ್ತಾ?

ಎಳೆತ ಜಾಸ್ತಿ ಆಗಲಿಲ್ವಾ ಅಂತ ತಾನೇ ನಿಮ್ಮ ಕಣ್ಣು ಕೇಳ್ತಿರೋದು?

ವಾಲ್ವು ಇತ್ತು. ಎಳೆತ ಹದದಲ್ಲಿಡೋ ವಾಲ್ವು ಈ ವಿಮಾನದಲ್ಲೇ ಇದೆಯಲ್ಲ. ಅದು ಇದ್ದೇ ಇತ್ತು.

ಪಂಪಿನ ಕಡೆ ಇತ್ತು.

ನಾನು ಕೊಳವೆ ಬಿಚ್ಚಿದ್ದು ವಾಲ್ವಿನ ಈಚೆ. ಅಲ್ಲೇ ಕೈ ಸಲೀಸಾಗಿ ಹೋಗುತ್ತೆ ಅಂತ... ವಾಲ್ವು ಆಚೆ ಉಳೀತು. ದಿಕ್ಕಿನದಕ್ಕೆ ಬಿರಡೆ ಹಾಕಿದ್ದೆ, ಒಂದೊಂದೇ ನೋಡೋಣ ಅಂತ. ಎರಡಕ್ಕೂ ಹಂಚಿಹೋಗಬೇಕಾದ ಎಳೆತ ಒಂದಕ್ಕೇ ಬಿತ್ತು. ಸ್ವಲ್ಪ ಕೂಗಿತು. ಸ್ವಲ್ಪ ಅಂದರೆ... ಸೀಟಿ ಹೊಡೆದ ಹಾಗೆ. ತಕ್ಷಣ ಆರಿಸಿದೆ. ಮುಳ್ಳು ಎಷ್ಟಕ್ಕೆ ಹೋಗಿತ್ತು ಅಂತ ನೋಡಲಿಲ್ಲ. ನೋಡೋ ಹೊತ್ತೆಲ್ಲಿತ್ತು? ಆರಿಸಿದೆನಲ್ಲ! ಎಳೆತ ಜಾಸ್ತಿ ಆದ ಮಾತ್ರಕ್ಕೆ ಬೇರಿಂಗ್ ಹಾಳಾಗಲೇಬೇಕು ಅಂತ ಎಲ್ಲಿ ಬರೆದಿದೆ? ಎಷ್ಟೋ ಸಲ ಏನೂ ಆಗಲ್ಲ. ಭೌತಶಾಸ್ತ್ರ ನಂಗೆ ಹೇಳಿಕೊಡಬೇಡಿ.

ಆಮೇಲೆ ವಾಲ್ವು ಸೇರಿಸಿ, ಎಲ್ಲ ಮೊದಲಿನ ಹಾಗೆ ಜೋಡಿಸಿದೆ. ಈಗ ಇಂಜಿನ್ ಓಡಿಸಿದಿರಿ, ಐದು ತೋರಿಸ್ತು. ಹಾರಿಜಾನ್ ಎದ್ದು ನಿಂತಿತು. ನಿಂತಿತು ತಾನೇ?

ಹೌದು ಭಾವ, ಆ ಮುಳ್ಳು ಕೊಳವೆಯ ಎಳೆತ ತೋರಿಸುತ್ತೆ, ಬುಗುರಿಯ ಆರೋಗ್ಯ ತೋರಿಸಲ್ಲ. ಗೊತ್ತು! ಅದನ್ನೂ ನಾನೇ ಹೇಳಿಕೊಟ್ಟಿದ್ದು. ಏನೇನು ಹೇಳಿಕೊಟ್ಟೆನೋ ನಿಮಗೆ, ಹಾವಿಗೆ ಹಾಲೆರೆದ ಹಾಗೆ.

ಮತ್ತೆ ಸ್ಕ್ರೂಡ್ರೈವರ್ ದಿಕ್ಕಿನದಕ್ಕೆ ಇಟ್ಟಿರಾ? ಇನ್ನೂ ಹಾಡ್ತಿದೆಯಾ? ತಲೆ ಆಡಿಸಬೇಡಿ, ಹೂಂ ಅನ್ನಿ. ಎಷ್ಟಾಯ್ತು, ಆರು ನಿಮಿಷ? ಏಳು? ನೋಡಿ, ಏಳು ನಿಮಿಷ ಆದರೂ ಹಾಡ್ತಿದೆ. ಇದೂ ಹಾಗೇ. ಎರಡೂ ಒಂದೇ ಗಾಳಿ ಕುಡಿದದ್ದು. ಕೇಳಲೇಬೇಕು ಅಂತೇನಿಲ್ಲ.

ಕೈ ಯಾಕೆ ತೆಗೀಬೇಕು? ಒರೆಸೋದು ಮುಗಿದಿಲ್ಲ.

ಅಲ್ಲ, ಒಂದು ಮಾತು ಕೇಳ್ತೀನಿ. ನಾಳೆ ಮೋಡ ಇಲ್ಲ. ನಾನೂ ಹವಾಮಾನ ಕೇಳಿದ್ದೀನಿ, ಬಾನು ತೊಳೆದಿಟ್ಟ ತಟ್ಟೆ ಥರ ಇರುತ್ತಂತೆ. ದಿಗಂತ ಬೇಕಾದರೆ ಕಿಟಕಿ ಆಚೆ ನೋಡಿ, ಪುಕ್ಕಟೆ ಇದೆ, ಪಂಪೂ ಬೇಡ, ಕೊಳವೆಯೂ ಬೇಡ. ನೀವೇ ಎಷ್ಟು ವರ್ಷ ಇದು ಯಾವುದೂ ಇಲ್ಲದ ವಿಮಾನ ಓಡಿಸಿಲ್ಲ? ಮೋಡಕ್ಕೆ ಹೋಗದಿದ್ದರೆ ಆಯ್ತು. ಅಷ್ಟೇ ತಾನೇ? ವಾಪಸ್ ಬಂದ ಮೇಲೆ ನಿಧಾನವಾಗಿ ಬಿಚ್ಚಿ ನೋಡ್ತೀನಿ. ಯಾರಿಗೂ ಗೊತ್ತಾಗಲ್ಲ. ಇಸ್ತ್ರಿ ಆ ಹೊತ್ತಿಗೆ ಬೇರೆ ಯಾರದಾದರೂ ಕೋಣೆ ಅಳೀತಿರ್ತಾನೆ.

ಬೆಟ್ಟದ ಕಡೆ ಯಾಕೆ ನೋಡ್ತೀರಿ?

ಗೊತ್ತು. ಬೆಳಿಗ್ಗೆ ಹೊತ್ತು ನಿಮ್ಮ ದಾರಿಯ ಆ ಸಾಲಿನ ಮೇಲೆ ಮೋಡ ಕೂತಿರುತ್ತೆ. ಹವಾಮಾನದವರು ಹೇಳಲ್ಲ, ಆದರೆ ಕೂತಿರುತ್ತೆ. ಗೊತ್ತು, ನೀವು ಬೇಕು ಅಂತ ಒಳಗೆ ಹೋಗಲ್ಲ, ಅದೇ ಬಂದು ಕವಿದುಕೊಳ್ಳುತ್ತೆ. ಆಗ ನೀವು ಈ ಗೀಟು ನೋಡ್ತೀರಿ. ಪಕ್ಕದಲ್ಲಿ ಅಕ್ಕ... ಅವಳು ನಿಮ್ಮ ಮುಖ ನೋಡ್ತಾಳೆ. ಅವಳಿಗೆ ಭಯ ಆಗಲ್ಲ. ತಂಗಿ ಸಹಿ ಹಾಕಿದ್ದಾಳಲ್ಲ.

ಏನಾದರೂ ಮಾತಾಡಿ ಭಾವ. ಬೈಯಿರಿ ಬೇಕಾದರೆ. ಇಷ್ಟು ಹೊತ್ತು ನಾನೊಬ್ಬಳೇ ಗಂಟಲು ಹರ್ಕೊಳ್ತಿದ್ದೀನಿ. ನಾನು ಸುಮ್ಮನಾದರೆ ಇಲ್ಲಿ ಎಷ್ಟು ಸದ್ದಿಲ್ಲ ಅಂದರೆ...

ಇಲ್ಲ. ನೀವು ಹಿಡ್ಕೋಬೇಡಿ ನನ್ನ ಕೈ. ನಾನೇ ತೆಗೀತೀನಿ. ಯಾರೂ ಎತ್ತಿ ತೆಗೆಸಬೇಕಾಗಿಲ್ಲ.

ತೆಗೆದೆ.

ನೋಡಿ. ಬಿದ್ದಿದೆ ಗೀಟು. ಸೊಟ್ಟಗೆ, ಕುಡಿದವನ ಹಾಗೆ. ಸ್ಕ್ರೂಡ್ರೈವರ್ ಇಟ್ಟು ಕೇಳೋದು ಬೇಡ, ಅಲ್ಲಿ ಏನೂ ಇಲ್ಲ. ನೀವು ಕೀ ತಿರುಗಿಸಿ ಗಡಿಯಾರ ನೋಡಿದಿರಲ್ಲ, ಅಲ್ಲಿಂದ ನಲವತ್ತು ಸೆಕೆಂಡು. ನನ್ನ ಕೈ ಕೆಳಗೆ ಕರಕರ ಅಂತ ನಿಂತುಹೋಯ್ತು. ನಿಮಗೆ ಕೇಳಿಸಬಾರದು ಅಂತ ಟೀ, ರೈಲು, ಮದುವೆ... ಏನೇನು ಮಾತಾಡಿದೆ ನಾನು!

ಕೇಳಿ, ಇದನ್ನೂ ಹೇಳಿಬಿಡ್ತೀನಿ. ಇವತ್ತು ಗೊತ್ತಾದದ್ದಲ್ಲ. ನಿನ್ನೆ ಎಲ್ಲ ಜೋಡಿಸಿದ ಮೇಲೆ ನಾನೇ ಇಂಜಿನ್ ಓಡಿಸಿ, ಆರಿಸಿ, ಕಿವಿಗೊಟ್ಟು ಕೇಳಿದೆ. ನಲವತ್ತು. ಮತ್ತೆ ಓಡಿಸಿದೆ. ನಲವತ್ತು. ಆಮೇಲೆ ಕೈ ತೊಳ್ಕೊಂಡು ಬಂದು ಸಹಿ ಹಾಕಿದೆ.

ಹೀಗೆ ನೋಡಬೇಡಿ ಅಂದೆನಲ್ಲ.

ಅಕ್ಕನಿಗೆ ನೀವು ಹೇಳಕೂಡದು. ನಾನು ಹೇಳ್ತೀನಿ. ಇಸ್ತ್ರಿಗೂ ನಾನೇ ಹೇಳ್ತೀನಿ, ಅವನ ಸೋಫಾದ ಬಣ್ಣ ಯಾವುದು ಅಂತಲೂ ಕೇಳ್ಕೊಂಡು ಬರ್ತೀನಿ. ತಲೆ ತಗ್ಗಿಸ್ಕೊಂಡು ಹೋಗ್ತೀನಿ ಅಂದ್ಕೋಬೇಡಿ.

ಈಗ ಆ ಸ್ಕ್ರೂಡ್ರೈವರ್ ಇತ್ಲಾಗೆ ಕೊಡಿ. ಕೊಡಿ ಅಂದೆ. ನಾಲ್ಕು ಸ್ಕ್ರೂ. ನಾನು ಹಾಕಿದ್ದು, ನಾನೇ ಬಿಚ್ತೀನಿ.